ಗೀಸರ್ ಹೊರಗಿರಲಿ, ಬಿಸಿನೀರು ಒಳಗೆ ಬರಲಿ

ಫಿಟ್ಟರ್ ಹುಡುಗ ಬಂದದ್ದು ಸಂಜೆ ಆರು ಗಂಟೆಗೆ. ಡ್ರಿಲ್ಲಿಂಗ್ ಮೆಷೀನು ಹೆಗಲಲ್ಲಿ, ಗ್ಯಾಸ್ ಗೀಸರಿನ ಡಬ್ಬ ಕಂಕುಳಲ್ಲಿ. ಮೈಸೂರಿನ ನಮ್ಮ ಬಾಡಿಗೆ ಮನೆಯ ಬಚ್ಚಲಿಗೆ ಒಮ್ಮೆ ಇಣುಕಿದವನು ನಲ್ಲಿಯ ಮೇಲುಗಡೆ ಪೆನ್ಸಿಲಿನಲ್ಲಿ ಎರಡು ಗುರುತು ಹಾಕಿಯೇಬಿಟ್ಟ.

"ಇಲ್ಲೇ ಹಾಕ್ಬಿಡ್ತೀನಿ ಸಾರ್, ಪೈಪು ಉಳಿಯುತ್ತೆ."

"ಬಚ್ಚಲೊಳಗೆ ಹಾಕಬಾರದು ಅಂತಾರಲ್ಲಪ್ಪ?"

"ಎಲ್ಲರ ಮನೇಲೂ ಹಿಂಗೇ ಸಾರ್. ಬಾಗಿಲು ಸ್ವಲ್ಪ ತೆಗೆದಿಟ್ಕೊಂಡು ಸ್ನಾನ ಮಾಡಿ, ಏನೂ ಆಗಲ್ಲ."

ಬಾಗಿಲು ತೆಗೆದಿಟ್ಟುಕೊಂಡು ಯಾರು ಸ್ನಾನ ಮಾಡುತ್ತಾರೆ? ಡಿಸೆಂಬರಿನ ಒಂದು ಭಾನುವಾರ ಎಣ್ಣೆ ಹಚ್ಚಿಕೊಂಡು ನಿಧಾನಕ್ಕೆ ನೀರು ಹುಯ್ದುಕೊಳ್ಳುತ್ತಿದ್ದೆ. ಕಣತಲೆ ಸಿಡಿಯತೊಡಗಿತು. ಎಣ್ಣೆಸ್ನಾನದ ಸುಸ್ತು ಇರಬೇಕು ಅಂದುಕೊಂಡೆ. ಇನ್ನೆರಡು ಚೊಂಬು ಹುಯ್ದುಕೊಳ್ಳುವಷ್ಟರಲ್ಲಿ ಮಂಡಿಯಲ್ಲಿ ಬಲವಿಲ್ಲ. ಮೂರಡಿ ದೂರದ ಚಿಲಕ ತೆಗೆಯಲು ಗೋಡೆ ಹಿಡಿದುಕೊಂಡು ಹೋಗಬೇಕಾಯಿತು. ಮುಂದಿನ ವಾರವೇ ಗೀಸರು ಹೊರಗಿನ ಗೋಡೆಗೆ ಹೋಯಿತು. ಹಾಗೆ ಎರಡನೇ ಸಲ ಹಾಕಿಸುವಾಗ ಪಕ್ಕದಲ್ಲೇ ನಿಂತು ನೋಡಿ, ಕೇಳಿ, ಓದಿ ತಿಳಿದುಕೊಂಡದ್ದು ಇಲ್ಲಿದೆ.

ಮೊದಲು ಒಂದು ಲೆಕ್ಕ

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ನಿಮಿಷಕ್ಕೆ 6 ಲೀಟರಿನ ಗೀಸರ್. ಅಷ್ಟು ನೀರಿನ ಬಿಸಿಯನ್ನು 25 ಡಿಗ್ರಿ ಏರಿಸಲು ಹತ್ತಿರ ಹತ್ತಿರ 10.5 ಕಿಲೋವಾಟ್ ಶಾಖ ಬೇಕು. ಮನೆಯ ಕರೆಂಟ್ ಗೀಸರ್ 2-3 ಕಿಲೋವಾಟಿನದು. ಎಂದರೆ ಅಂಗೈಯಗಲದ ಆ ಬರ್ನರಿನೊಳಗೆ ಮೂರು-ನಾಲ್ಕು ಕರೆಂಟ್ ಗೀಸರುಗಳ ಉರಿ ಇದೆ. ಗಂಟೆಗೆ ಸುಮಾರು ಒಂದು ಕೆ.ಜಿ. ಗ್ಯಾಸ್ ಸುಡುತ್ತದೆ. ಒಂದು ಕೆ.ಜಿ. ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಕಾಲು ಗಂಟೆಯ ಸ್ನಾನಕ್ಕೆ 3 ಘನ ಮೀಟರ್ ಎಂದಿಟ್ಟುಕೊಳ್ಳಿ. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿಯೇ 8 ಘನ ಮೀಟರ್. ಅದರಲ್ಲೇ ನೀವೂ ಉಸಿರಾಡಬೇಕು.

ಗಾಳಿ ಸಾಲದಾದಾಗ ಉರಿ ಆರಿಹೋಗುವುದಿಲ್ಲ. ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹೊರಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುವ ವಾಸನೆ ಬೇಕೆಂದೇ ಬೆರೆಸಿದ್ದು, ಉರಿದ ಮೇಲೆ ಅದೂ ಇರುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ವಿಷಾನಿಲವನ್ನು ಹಿಡಿದುಕೊಳ್ಳುತ್ತದೆ. ಉಸಿರು ಕಟ್ಟಿದಂತಾಗುವುದಿಲ್ಲ. ತಲೆನೋವು, ಓಕರಿಕೆ, ಕಾಲು ಸೋಲುವುದು, ಆಮೇಲೆ ಕುಸಿಯುವುದು. ನಮ್ಮಜ್ಜಿಯ ಮನೆಯ ಹಂಡೆ ಒಲೆ ಸೌದೆ ಹಸಿಯಾಗಿದ್ದರೆ ಕಣ್ಣುರಿಸಿ, ಕೆಮ್ಮಿಸಿ ಹೊರಗೆ ಅಟ್ಟುತ್ತಿತ್ತು. ಗ್ಯಾಸ್ ಉರಿಗೆ ಅಷ್ಟೂ ದಾಕ್ಷಿಣ್ಯವಿಲ್ಲ.

ಜಾಗ ಗೊತ್ತುಮಾಡುವುದು

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ, ಆದ್ದರಿಂದ ಗೀಸರ್ ಕೊಳ್ಳುವ ಮೊದಲೇ ಜಾಗ ನೋಡಿ. ಬಚ್ಚಲಿನ ಹೊರಗೋಡೆ ಬಯಲಿಗೋ ಬಾಲ್ಕನಿಗೋ ಯುಟಿಲಿಟಿಗೋ ತಾಗಿದ್ದರೆ ಅದೇ ಸರಿಯಾದ ಜಾಗ. ಗೋಡೆಯಲ್ಲೊಂದು ತೂತು ಕೊರೆದು ಬಿಸಿನೀರಿನ ಪೈಪನ್ನಷ್ಟೇ ಒಳಗೆ ತನ್ನಿ. ಮೇಲೆ ಸಜ್ಜೆಯಿದ್ದರೆ ಮಳೆ ಬೀಳುವುದಿಲ್ಲ. ಮೂರು-ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಗಾಳಿಯ ಹೊಡೆತಕ್ಕೆ ಉರಿ ಮತ್ತೆ ಮತ್ತೆ ಆರುತ್ತದೆ. ಅಲ್ಲಿ ಎದುರು ಗೋಡೆ ಬಿಟ್ಟು ಪಕ್ಕದ ಗೋಡೆ ಹಿಡಿಯಿರಿ. ಗಾಳಿ ಜೋರು ಎಂದು ಗೀಸರಿಗೆ ಕಪಾಟು ಮಾಡಿಸಿ ಮುಚ್ಚಬೇಡಿ. ಬಾಲ್ಕನಿಗೆ ಪೂರ್ತಿ ಗಾಜು ಹಾಕಿಸಿದ್ದರೆ ಅದನ್ನು ಬಾಲ್ಕನಿ ಎನ್ನಬೇಡಿ, ಅದೂ ಒಂದು ಕೋಣೆಯೇ.

ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ಬಲೆ ಇದೆ. ಬಚ್ಚಲುಗಳ ವೆಂಟಿಲೇಟರುಗಳೆಲ್ಲ ತೆರೆದುಕೊಳ್ಳುವ ಇಕ್ಕಟ್ಟಾದ ಡಕ್ಟ್ "ಹೊರಗಡೆ"ಯಂತೆಯೇ ಕಾಣುತ್ತದೆ. ಅಲ್ಲಿ ನೇತುಹಾಕಿದ ಗೀಸರಿನ ಹೊಗೆ ಮೇಲಿನ ಮನೆಯವರ ವೆಂಟಿಲೇಟರ್ ಹೊಕ್ಕರೆ ಆಶ್ಚರ್ಯವಿಲ್ಲ. ಡಕ್ಟ್ ಬೇಡ.

ಹೊರಗೋಡೆಯೇ ಸಿಗದ ಮನೆಗಳಲ್ಲಿ ಚಿಮಣಿ ಕೊಳವೆಯಿರುವ ಮಾದರಿಯನ್ನು ದೊಡ್ಡ ಕಿಟಕಿಯಿರುವ ಅಡುಗೆಮನೆಯಲ್ಲಿ ಹಾಕಿಸಬಹುದು. ಅದೂ ಆಗದಿದ್ದರೆ ಗ್ಯಾಸ್ ಗೀಸರಿನ ಆಸೆ ಬಿಟ್ಟು ಕರೆಂಟಿನದು ತನ್ನಿ. ಬಿಲ್ಲು ನಾಲ್ಕು ಕಾಸು ಹೆಚ್ಚು ಬಂದರೆ ಬರಲಿ.

ಕೊಳ್ಳುವಾಗ

ಐಎಸ್‌ಐ ಗುರುತು ಇರಲೇಬೇಕು. ಎಲ್‌ಪಿಜಿ ನೀರು ಕಾಯಿಸುವ ಸಾಧನಗಳಿಗೆ ಐಎಸ್ 15558 ಎಂಬ ಮಾನಕವಿದೆ. ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುತ್ತದೆಯೇ, ಆಮ್ಲಜನಕ ಕಡಿಮೆಯಾದಾಗ ಬಂದ್ ಆಗುವ ಸೆನ್ಸರ್ ಇದೆಯೇ ಎಂದು ಕೇಳಿ. ಆದರೆ ಸೆನ್ಸರ್ ಇದೆ ಎಂಬ ಧೈರ್ಯದಲ್ಲಿ ಬಚ್ಚಲೊಳಗೆ ಹಾಕುವುದೆಂದರೆ ಹೆಲ್ಮೆಟ್ ಇದೆ ಎಂದು ಬಸ್ಸಿಗೆ ಅಡ್ಡ ಹೋದ ಹಾಗೆ.

ಬೆಂಗಳೂರಿನ ಕೆಲವು ಬಡಾವಣೆಗಳಂತೆ ನಿಮ್ಮಲ್ಲೂ ಪೈಪ್ ಗ್ಯಾಸ್ ಇದ್ದರೆ ಅದಕ್ಕೆಂದೇ ಮಾಡಿದ ಗೀಸರ್ ಬೇಕು. ಎರಡು ಗ್ಯಾಸುಗಳ ಒತ್ತಡ ಬೇರೆ, ಬರ್ನರಿನ ಜೆಟ್ ತೂತಿನ ಅಳತೆಯೂ ಬೇರೆ. "ಜೆಟ್ ಸ್ವಲ್ಪ ದೊಡ್ಡದು ಮಾಡಿ ಕೊಡ್ತೀನಿ" ಎನ್ನುವವರಿಗೆ ಕೈಮುಗಿಯಿರಿ.

ಗ್ಯಾಸ್ ಲೈನ್

ಗೀಸರಿಗೆ ಬೇರೆ ಸಿಲಿಂಡರೇ ಇರಲಿ. ದಿನಕ್ಕೆ ಅರ್ಧ ಗಂಟೆ ಉರಿದರೆ 14.2 ಕೆ.ಜಿ.ಯ ಸಿಲಿಂಡರ್ ಹೆಚ್ಚುಕಡಿಮೆ ಒಂದು ತಿಂಗಳು ಬರುತ್ತದೆ. ಸ್ಟವ್‌ನ ರಬ್ಬರ್ ಪೈಪನ್ನು ಕತ್ತರಿಸಿ, ನಡುವೆ ಟಿ ಸಿಕ್ಕಿಸಿ, ಎರಡು ಕ್ಲಿಪ್ ಬಿಗಿದು ಗೀಸರಿಗೆ ಕವಲು ಎಳೆಯುವ ಪದ್ಧತಿಯನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಪ್ರತಿ ಕ್ಲಿಪ್ಪೂ ಒಂದೊಂದು ಸೋರುವ ಬಾಯಿ.

ಪೈಪು ಐಎಸ್‌ಐ ಗುರುತಿನ ಸುರಕ್ಷಾ ಹೋಸ್ ಆಗಿರಲಿ, ಉದ್ದ ಒಂದೂವರೆ ಮೀಟರ್ ದಾಟದಿರಲಿ. ಅದರ ಆಯುಸ್ಸು 5 ವರ್ಷ. ತಯಾರಾದ ವರ್ಷ ಪೈಪಿನ ಮೈಮೇಲೆಯೇ ಅಚ್ಚಾಗಿರುತ್ತದೆ. ಸಿಲಿಂಡರ್ ಇನ್ನೂ ದೂರವಿದ್ದರೆ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಕೈಯಲ್ಲಿ ಲೋಹದ ಪೈಪ್ ಎಳೆಸಿ. ಗೀಸರಿನ ಹತ್ತಿರ ಕೈಗೆ ಎಟುಕುವಂತೆ ಒಂದು ಗ್ಯಾಸ್ ಕಾಕ್, ಎಂದರೆ ಗ್ಯಾಸ್ ನಿಲ್ಲಿಸುವ ನಲ್ಲಿ, ಇರಲಿ. ರೆಗ್ಯುಲೇಟರ್ ಮನೆಬಳಕೆಯದೇ ಆಗಬೇಕು. ಹೋಟೆಲಿನ ಭಟ್ಟಿ ಒಲೆಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರ್ ಹಾಕಿದರೆ ಉರಿ ಗೀಸರಿನ ಮುಖದಿಂದಲೇ ಹೊರಗೆ ನುಗ್ಗೀತು.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೀರಿನಂತೆ ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಆದ್ದರಿಂದ ಸಿಲಿಂಡರನ್ನು ಮೋರಿಯ ಬಾಯಿ, ಸಂಪಿನ ಮುಚ್ಚಳದ ಪಕ್ಕ ಇಡಬೇಡಿ. ನೆಟ್ಟಗೆ, ಗಾಳಿಯಾಡುವ ಕಡೆ ನಿಲ್ಲಿಸಿ.

ಗೋಡೆಗೆ ಏರಿಸಿ, ನೀರು ಜೋಡಿಸುವುದು

ಉರಿ ಕಾಣುವ ಕಿಂಡಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವಂತೆ ತೂಗುಹಾಕಿಸಿ. ದಿನಾ ನೋಡದ ಉರಿಯ ಬಣ್ಣ ಬದಲಾದದ್ದು ಗೊತ್ತೇ ಆಗುವುದಿಲ್ಲ. ಮೇಲೆ ಬಟ್ಟೆ ಒಣಹಾಕುವ ಹಗ್ಗ, ಪಕ್ಕದಲ್ಲಿ ಪ್ಲಾಸ್ಟಿಕ್ ಶೀಟು ಇರಕೂಡದು. ಎಷ್ಟು ಜಾಗ ಬಿಡಬೇಕೆಂದು ಡಬ್ಬದೊಳಗಿನ ಪುಸ್ತಿಕೆಯಲ್ಲಿ ಚಿತ್ರವೇ ಇರುತ್ತದೆ. ಫಿಟ್ಟರ್ ಅದನ್ನು ಡಬ್ಬದ ಜೊತೆಗೇ ಎಸೆಯುವ ಮೊದಲು ಇಸಿದುಕೊಳ್ಳಿ.

ತಣ್ಣೀರಿನ ಪೈಪನ್ನು ಗೀಸರಿಗೆ ಸಿಕ್ಕಿಸುವ ಮುಂಚೆ ಒಂದು ಬಕೆಟ್ ನೀರು ಸುಮ್ಮನೆ ಹರಿಯಬಿಡಿ, ಪೈಪಿನೊಳಗಿನ ಮರಳು, ಸಿಮೆಂಟಿನ ಪುಡಿ ಈಚೆ ಬರಲಿ. ಇಲ್ಲದಿದ್ದರೆ ಮೊದಲ ವಾರವೇ ಜಾಲರಿ ಕಟ್ಟಿಕೊಳ್ಳುತ್ತದೆ. ಬಿಸಿನೀರಿನ ಲೈನಿಗೆ ಮಾಮೂಲಿ ಬಿಳಿ ಪಿವಿಸಿ ನಡೆಯದು, ಸಿಪಿವಿಸಿ ಬೇಕು. ಈ ಗೀಸರು ಹೊತ್ತಿಕೊಳ್ಳುವುದೇ ನೀರಿನ ಒತ್ತಡದಿಂದ. ನಲ್ಲಿ ತಿರುಗಿಸಿದಾಗ ನೀರು ಒಳಗಿನ ರಬ್ಬರ್ ಪರದೆಯನ್ನು ತಳ್ಳಬೇಕು, ಆಗ ಗ್ಯಾಸ್ ತೆರೆದು ಕಿಡಿ ಹಾರುತ್ತದೆ. ಮೇಲಿನ ಮಹಡಿಯಲ್ಲಿ ಟ್ಯಾಂಕ್ ತಲೆಯ ಮೇಲೇ ಇದ್ದರೆ ಒತ್ತಡ ಸಾಲದೆ ಟಿಕ್ ಟಿಕ್ ಸದ್ದು ಮಾತ್ರ ಬರುತ್ತದೆ. ಅಂಥಲ್ಲಿ ಕಡಿಮೆ ಒತ್ತಡಕ್ಕೆ ಹೊತ್ತುವ ಮಾದರಿ ಕೊಳ್ಳಿ. ಒಳಗಿನ ವಾಲ್ವ್ ಬಿಚ್ಚಿ "ಅಡ್ಜಸ್ಟ್" ಮಾಡಲು ಬಿಡಬೇಡಿ.

ಚಿಮಣಿ ಕೊಳವೆಯ ಮಾದರಿಯಾದರೆ ಕೊಳವೆ ಹೊರಗೋಡೆ ದಾಟಿ ಬಯಲಿಗೆ ತೆರೆದುಕೊಳ್ಳಬೇಕು. ಸಜ್ಜೆಯ ಮೇಲೋ ಫಾಲ್ಸ್ ಸೀಲಿಂಗಿನ ಒಳಗೋ ಅಡಗಿಸುವಂತಿಲ್ಲ. ಕಿಟಕಿ ಬಾಗಿಲೆಲ್ಲ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅದು ಚಿಮಣಿಯ ಹೊಗೆಯನ್ನೇ ಹಿಂದಕ್ಕೆ ಕೋಣೆಯೊಳಗೆ ಎಳೆದುಕೊಳ್ಳಬಹುದು. ಬಹುಮಂದಿ ರಕ್ಷಣೆಗೆಂದೇ ಆ ಫ್ಯಾನ್ ಹಾಕಿಸಿರುತ್ತಾರೆ! ಗಾಳಿ ಒಳಬರಲು ಕಿಟಕಿಯೊಂದು ತೆರೆದಿರಲೇಬೇಕು.

ಫಿಟ್ಟರನ್ನು ಕಳಿಸುವ ಮುನ್ನ

ಸೋಪಿನ ನೊರೆ ಮಾಡಿಕೊಂಡು ಗ್ಯಾಸಿನ ಪ್ರತಿ ಜೋಡಣೆಗೂ ಬ್ರಷ್ಷಿನಿಂದ ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ. ಕಡ್ಡಿ ಗೀರಿ ಪರೀಕ್ಷಿಸುವವರು ಇನ್ನೂ ಇದ್ದಾರೆ, ಅವರನ್ನು ಗೇಟಿನ ಆಚೆ ಬಿಟ್ಟು ಬನ್ನಿ. ಆಮೇಲೆ ನಲ್ಲಿ ಬಿಡಿ. ಉರಿ ಕೂಡಲೇ ಹೊತ್ತಬೇಕು, ನೀಲಿಯಾಗಿರಬೇಕು. ಹಳದಿ ನಾಲಗೆ ಕಂಡರೆ ಅಥವಾ ದಪ್ ಎಂದು ಸದ್ದಾದರೆ ನಿಲ್ಲಿಸಿ, ಸರಿಮಾಡಿಸಿ. ನಲ್ಲಿ ಕಟ್ಟಿದ ತಕ್ಷಣ ಉರಿ ಪೂರ್ತಿ ಆರಬೇಕು. ಐದಾರು ಸಲ ಹೀಗೆ ಮಾಡಿ ನೋಡಿ.

ಚಿಮಣಿ ಮಾದರಿಗೆ ಇನ್ನೊಂದು ಪರೀಕ್ಷೆ. ಸೋರಿಕೆಯಿಲ್ಲವೆಂದು ಖಾತ್ರಿಯಾದ ಮೇಲೆ ಗೀಸರ್ ಐದು ನಿಮಿಷ ಉರಿಯಲಿ. ಹೊಗೆ ಚಿಮಣಿ ಸೇರುವ ಸಂದಿಯ ಬಳಿ ಒಂದು ಊದುಬತ್ತಿ ಹಿಡಿಯಿರಿ. ಬತ್ತಿಯ ಹೊಗೆ ಒಳಕ್ಕೆ ಸೆಳೆದುಹೋದರೆ ಚಿಮಣಿ ಎಳೆಯುತ್ತಿದೆ. ಅಲ್ಲೇ ಸುಳಿದಾಡಿ ನಿಮ್ಮ ಮುಖಕ್ಕೆ ಬಂದರೆ ಚಿಮಣಿ ಕೆಲಸ ಮಾಡುತ್ತಿಲ್ಲ.

ಈಗಾಗಲೇ ಒಳಗಿದ್ದರೆ

ಬಾಡಿಗೆ ಮನೆ, ಓನರ್ ತೂತು ಕೊರೆಯಲು ಬಿಡುವುದಿಲ್ಲ ಎನ್ನುವವರು ಬಹಳ. ಸ್ಥಳ ಬದಲಾಗುವ ತನಕ ಹೀಗೆ ಮಾಡಿ: ಬಾಗಿಲು, ವೆಂಟಿಲೇಟರ್ ತೆರೆದಿಟ್ಟು ಎರಡು ಬಕೆಟ್ ತುಂಬಿಸಿಕೊಳ್ಳಿ. ಗೀಸರ್ ಆರಿಸಿ, ಗ್ಯಾಸ್ ಕಾಕ್ ಕಟ್ಟಿ. ಸ್ವಲ್ಪ ಹೊತ್ತು ಗಾಳಿಯಾಡಿದ ಮೇಲೆ ಒಳಗೆ ಹೋಗಿ. ಉರಿಯುವ ಗೀಸರಿನ ಕೆಳಗೆ ಶವರ್ ಸ್ನಾನ ಬೇಡವೇ ಬೇಡ. ಒಬ್ಬರ ಹಿಂದೊಬ್ಬರು ಸಾಲಾಗಿ ಮೀಯುವ ಮನೆಗಳಲ್ಲಿ ಕೊನೆಯವರ ಪಾಲಿಗೆ ಉಳಿಯುವುದು ಮುಂಚಿನವರೆಲ್ಲ ಕೆಡಿಸಿಟ್ಟ ಗಾಳಿ. ಹೆಚ್ಚಿನ ಮನೆಗಳಲ್ಲಿ ಆ ಕೊನೆಯವರು ಅಮ್ಮ. ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿಸಿಕೊಳ್ಳಿ, ಅದಕ್ಕೆ ಓನರ್ ಅಡ್ಡ ಬರಲಾರರು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಬ್ಯಾಟರಿಯದು ಸಿಗುತ್ತದೆ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಇದು ಬೇರೆ. ಕೊಳ್ಳುವಾಗ ಹೆಸರು ನೋಡಿ.

ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮೊದಲು, ಸರ್ವಿಸ್ ಮಾಡಿಸಿ. ಬರ್ನರಿನ ಸಂದಿಗಳಲ್ಲಿ ಜೇಡ, ಕಣಜ ಗೂಡು ಕಟ್ಟುತ್ತವೆ. ಬೋರ್‌ವೆಲ್ ನೀರಿನ ಸುಣ್ಣ ತಾಮ್ರದ ಕೊಳವೆಯಲ್ಲಿ ಗಟ್ಟಿಯಾಗುತ್ತದೆ. ಉರಿಯ ಬಿಸಿಯನ್ನು ಆ ಕೊಳವೆಗೆ ದಾಟಿಸುವ ತೆಳು ತಗಡಿನ ರೆಕ್ಕೆಗಳಿಗೆ ಮಸಿ ಹಿಡಿದರೆ ಹೊಗೆ ಹೋಗುವ ದಾರಿಯೇ ಮುಚ್ಚುತ್ತದೆ.

ಯಾರಾದರೂ ಕುಸಿದರೆ

ಮೊದಲು ಬಾಗಿಲು ತೆಗೆದು, ಗ್ಯಾಸ್ ನಿಲ್ಲಿಸಿ, ಅವರನ್ನು ಬಯಲ ಗಾಳಿಗೆ ಎಳೆದು ತನ್ನಿ. ನೀವೂ ಒಳಗೆ ನಿಂತು ಉಪಚಾರ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಗ್ಯಾಸ್ ವಾಸನೆ ಬರುತ್ತಿದ್ದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬಂದು 1906ಕ್ಕೆ ತಿಳಿಸಿ, ಅದು ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ.

ಆಸ್ಪತ್ರೆಯಲ್ಲಿ "ಬಾತ್‌ರೂಮಿನಲ್ಲಿ ತಲೆಸುತ್ತಿ ಬಿದ್ದರು" ಎಂದಷ್ಟೇ ಹೇಳಿದರೆ ಬಿ.ಪಿ., ಸಕ್ಕರೆ ನೋಡುತ್ತಾ ಹೊತ್ತು ಹೋದೀತು. ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂಬ ಮಾತು ಮೊದಲು ಬರಲಿ. ಕೋವಿಡ್ ಕಾಲದಲ್ಲಿ ಮನೆಗೆ ತಂದಿಟ್ಟ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ಆಮ್ಲಜನಕ ಹೊತ್ತ ರಕ್ತವೂ ವಿಷಾನಿಲ ಹೊತ್ತ ರಕ್ತವೂ ಅದಕ್ಕೆ ಒಂದೇ ಕೆಂಪು. ವ್ಯತ್ಯಾಸ ತಿಳಿಯಲು ರಕ್ತ ಪರೀಕ್ಷೆ ಬೇಕು, ಅದರ ವರದಿ ಬರುವ ತನಕ ಕಾಯದೆ ಮುಖಕ್ಕೆ ಆಮ್ಲಜನಕದ ಮಾಸ್ಕ್ ಬೇಕು.