ಜೆಆರ್‌ಎನ್‌ಎಲ್‌ನಲ್ಲಿ ಡೈರಿ ಬರೆಯೋರು ಮೊದಲು ಒಂದು ಸ್ಪೇಸ್ ಹೊಡೀರಿ

ಜೆಆರ್‌ಎನ್‌ಎಲ್ ಅಂದ್ರೆ ಟರ್ಮಿನಲ್‌ನಲ್ಲೇ ಡೈರಿ ಬರೆಯೋ ಪ್ರೋಗ್ರಾಂ. ಅದರ ಕಮಾಂಡ್ ಟೈಪ್ ಮಾಡೋಕ್ಕಿಂತ ಮುಂಚೆ ಒಂದೇ ಒಂದು ಸ್ಪೇಸ್ ಕೊಡಿ, ಆಗ ನೀವು ಬರೆದ ಸಾಲು ಶೆಲ್ ಹಿಸ್ಟರಿಗೆ, ಅಂದ್ರೆ ಕಮಾಂಡ್ ನಡೆಸೋ ಪ್ರೋಗ್ರಾಂ ಇಟ್ಕೊಳ್ಳೋ ಹಳೇ ಕಮಾಂಡ್‌ಗಳ ಪಟ್ಟಿಗೆ, ಹೋಗಲ್ಲ. ಇಲ್ಲಾಂದ್ರೆ ಡೈರಿ ಫೈಲನ್ನ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ್ರೂ ಅದೇ ಮಾತು ಬ್ಯಾಶ್ ಅನ್ನೋ ಶೆಲ್‌ನ ಹಿಸ್ಟರಿ ಫೈಲಲ್ಲಿ ಬರೀ ಟೆಕ್ಸ್ಟಾಗಿ ಕೂತಿರತ್ತೆ, ಪಿಜಿ ರೂಮಲ್ಲಿ ಲ್ಯಾಪ್‌ಟಾಪ್ ಎರವಲು ತಗೊಂಡ ಫ್ರೆಂಡು ಮೇಲಿನ ಆರೋ ಕೀ ಒತ್ತಿದ್ರೆ ಸಾಕು, ಎಲ್ಲಾ ಓದಬಹುದು. ಉಬುಂಟುನಲ್ಲಿ ಬ್ಯಾಶ್‌ಗೆ ಮುಂದೆ ಸ್ಪೇಸ್ ಇರೋ ಸಾಲನ್ನ ಬಿಟ್ಟುಬಿಡೋ ಸೆಟ್ಟಿಂಗ್ ಮೊದಲೇ ಇರತ್ತೆ, ಹಿಸ್ಟ್‌ಕಂಟ್ರೋಲ್ ಅಂತ ಬ್ಯಾಶ್‌ಆರ್‌ಸಿ ಫೈಲಲ್ಲಿ ನೋಡಿ. ಮ್ಯಾಕ್‌ನಲ್ಲಿ ಬರೋ ಝಡ್‌ಶೆಲ್‌ಗೆ ಇದು ತಾನಾಗೇ ಕೆಲಸ ಮಾಡಲ್ಲ, ಹಿಸ್ಟ್ ಇಗ್ನೋರ್ ಸ್ಪೇಸ್ ಆಪ್ಷನ್ ನೀವೇ ಆನ್ ಮಾಡ್ಬೇಕು, ಮತ್ತೆ ಹಳೇ ಹಿಸ್ಟರಿಯಲ್ಲಿ ಆಗಲೇ ಸೇರಿರೋದನ್ನ ಇದು ಅಳಿಸಲ್ಲ, ಅದನ್ನ ಕೈಯಾರೆ ತೆಗೀಬೇಕು. ಸ್ಪೇಸ್ ಮರೆತುಹೋಗೋರಿಗೆ ಇನ್ನೂ ಒಳ್ಳೇ ದಾರಿ ಅಂದ್ರೆ ಬರೀ ಜೆಆರ್‌ಎನ್‌ಎಲ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ, ಆಮೇಲೆ ಬರೀರಿ, ಮುಗಿದ್ಮೇಲೆ ಹೊಸ ಸಾಲಿಗೆ ಬಂದು ಕಂಟ್ರೋಲ್ ಡಿ. ಲಿನಕ್ಸು ಮ್ಯಾಕು ಎರಡರಲ್ಲೂ ನಡಿಯತ್ತೆ, ಜೊತೆಗೆ ಉದ್ಧರಣ ಚಿಹ್ನೆ, ಡಾಲರ್ ಚಿಹ್ನೆ ಹಾಕಿದಾಗ ಶೆಲ್ ಅದನ್ನ ತನ್ನ ಕಮಾಂಡ್ ಅಂದ್ಕೊಂಡು ಸಾಲು ಕೆಡಿಸೋ ಕಾಟಾನೂ ಇರಲ್ಲ, ನಾನಂತೂ ಇದನ್ನೇ ಮಾಡಿ ಅಂತೀನಿ.