ಎಸೆಯಬೇಕೆಂದಿದ್ದ ಹಳೇ ಡೆಸ್ಕ್‌ಟಾಪ್ ಉಳೀತು

ದಾವಣಗೆರೆಯ ನಮ್ಮ ಅಂಗಡಿ ಲೆಕ್ಕವೆಲ್ಲ 2014ರ ಡೆಸ್ಕ್‌ಟಾಪ್‌ನಲ್ಲೇ. ಆನ್ ಮಾಡಿ, ಒಂದು ಪ್ಲೇಟ್ ಮಂಡಕ್ಕಿ-ಮೆಣಸಿನಕಾಯಿ ತಿಂದು ಬಂದರೂ ಚಕ್ರ ತಿರುಗುತ್ತಲೇ ಇರೋದು. "ಎಸೆದು ಹೊಸದು ಅಸೆಂಬಲ್ ಮಾಡಿಸ್ರಿ ಅಣ್ಣಾ" ಅಂದ ರಿಪೇರಿ ಹುಡುಗ.

ಯಾವ ಭಾಗಕ್ಕೆ ಎಷ್ಟು ಕೆಲಸ ಅಂತ ತೋರಿಸೋ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆ. ಸಿಪಿಯು (ಮುಖ್ಯ ಚಿಪ್) ಬರೀ ಶೇ. 15, ಡಿಸ್ಕ್ ಮಾತ್ರ ನೂರಕ್ಕೆ ನೂರು! ರೋಗ ಹಾರ್ಡ್‌ಡಿಸ್ಕಿನದು.

ಅದರ ಜಾಗಕ್ಕೆ ಹಳೇ ಕೇಬಲ್ಲಿಗೇ ಕೂರುವ, ತಿರುಗೋ ತಟ್ಟೆಯಿಲ್ಲದ ವೇಗದ ಡಿಸ್ಕ್, ಅಂದ್ರೆ ಸಾಟಾ ಎಸ್‌ಎಸ್‌ಡಿ ತಂದೆ. ಮುಚ್ಚಳ ಬಿಚ್ಚಿದರೆ ಫ್ಯಾನಿನ ಧೂಳು ಹತ್ತಿ ಉಂಡೆಯ ಹಾಗೆ ಬಂತು, ಗಿರಣಿ ಊರಲ್ಲವೇ! ಇದರಲ್ಲಿರೋ ಇಂಟೆಲ್ ಸಿಪಿಯು, ನಾಲ್ಕನೇ ಪೀಳಿಗೆಯ ಐ5ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಲೆಕ್ಕ ಲಿನಕ್ಸ್‌ನಲ್ಲೂ ನಡೆಯೋ ಲಿಬ್ರೆಆಫೀಸ್‌ನಲ್ಲಿದ್ದದ್ದು ಪುಣ್ಯ, ವಿಂಡೋಸ್ ಬದಲು ಉಚಿತ ಲಿನಕ್ಸ್ ಮಿಂಟ್ ಹಾಕಿದೆ. ಈಗ ಅರ್ಧ ನಿಮಿಷಕ್ಕೆ ರೆಡಿ.

ರ‍್ಯಾಮ್‌ಗೆ ದುಡ್ಡು ಸುರಿಯಲಿಲ್ಲ. ಇದಕ್ಕೆ ಬೇಕಾದ ಹಳೇ ಡಿಡಿಆರ್3 ಮಾದರಿಯದು ಹೊಸ ಮದರ್‌ಬೋರ್ಡಿಗೆ ಕೂರಲ್ಲ. ಎಸ್‌ಎಸ್‌ಡಿ ಆದರೆ ಮುಂದಿನ ಯಂತ್ರಕ್ಕೂ ಬರುತ್ತೆ.