ಫೈನಾನ್ಸ್‌ನವರು ಜನ ತಗೊಂಡರೆ ವಕೀಲರಿಗೆ ಕೆಲಸ ಬರುತ್ತಾ? ಲೆಕ್ಕ ಹಾಕುವ ಬಗೆ

ದಾವಣಗೆರೆಯಲ್ಲಿ ಹೊಸದಾಗಿ ಸನ್ನದು ಪಡೆದ ಹುಡುಗ ಹುಡುಗಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ‘ಮೇಡಂ, ಬ್ಯಾಂಕ್‌ನೋರು, ಫೈನಾನ್ಸ್‌ನೋರು ಮತ್ತೆ ಜೋರಾಗಿ ಜನ ತಗೊಳ್ತಿದಾರೆ. ನಮ್ಮ ಕಡೆಗೂ ಏನಾದ್ರೂ ಬರುತ್ತಲ್ವಾ?’

ಬರುತ್ತದೆ. ಆದರೆ ಅವರು ಎಷ್ಟು ಜನರನ್ನು ತಗೊಂಡರು ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಯಾವ ಸಾಲಕ್ಕೆ ತಗೊಂಡರು ಅನ್ನುವುದನ್ನು ನೋಡಬೇಕು. ನಾನು ಬಹಳ ವರ್ಷಗಳಿಂದ ಬ್ಯಾಂಕ್ ಪ್ಯಾನೆಲ್‌ನಲ್ಲಿ (ಬ್ಯಾಂಕ್ ಗೊತ್ತುಮಾಡಿಕೊಂಡ ವಕೀಲರ ಪಟ್ಟಿ) ಇದ್ದು ಲೀಗಲ್ ಒಪೀನಿಯನ್, ಅಂದರೆ ಆಸ್ತಿ ಪತ್ರಗಳು ಸರಿ ಇವೆಯೇ ಅನ್ನುವ ಅಭಿಪ್ರಾಯ, ಬರೆಯುತ್ತಿದ್ದೇನೆ, ಚೆಕ್ ಬೌನ್ಸ್ ಕೇಸು ನಡೆಸುತ್ತೇನೆ. ನಾನು ಲೆಕ್ಕ ಹಾಕುವ ರೀತಿ ಹೇಳುತ್ತೇನೆ.

ಮೊದಲು ಜಾಹೀರಾತು ಓದಿ. ‘ಜನತಾವಾಣಿ’ಯ ಸಣ್ಣ ಜಾಹೀರಾತು ಇರಲಿ, ಪಿ.ಜೆ. ಬಡಾವಣೆಯ ಗೋಡೆಗೆ ಅಂಟಿಸಿದ ಚೀಟಿ ಇರಲಿ, ಮೊಬೈಲ್‌ಗೆ ಬಂದ ಮೆಸೇಜ್ ಇರಲಿ, ಹುದ್ದೆಯ ಹೆಸರಿನಲ್ಲೇ ವಿಷಯ ಇರುತ್ತದೆ. ಗೋಲ್ಡ್ ಲೋನ್ ಶಾಖೆಗೆ ಜನ ಬೇಕಾಗಿದ್ದರೆ ಸುಮ್ನೆ ಮುಂದೆ ಹೋಗಿ. ಬಂಗಾರಕ್ಕೆ ಪತ್ರ ಇಲ್ಲ, ಸರ್ಚ್ (ಹಳೇ ದಾಖಲೆ ಹುಡುಕುವ ಕೆಲಸ) ಇಲ್ಲ. ಸಾಲ ಕಟ್ಟದಿದ್ದರೆ ನೋಟಿಸ್ ಕೊಟ್ಟು ಹರಾಜು ಹಾಕುತ್ತಾರೆ. ಊರಲ್ಲಿ ಇಂಥ ಹತ್ತು ಶಾಖೆ ತೆರೆದರೂ ವಕೀಲರ ಮೇಜಿಗೆ ಬರುವುದು ಅಷ್ಟಕ್ಕಷ್ಟೆ. ಬೈಕ್ ಸಾಲದ್ದೂ ಹೆಚ್ಚುಕಡಿಮೆ ಅದೇ ಕತೆ. ಮೈಕ್ರೋ ಫೈನಾನ್ಸ್‌ನದ್ದು ಬೇರೆ. 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಕಿರುಸಾಲದ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದ ಮೇಲೆ ಸಾಲಗಾರರ ಕಡೆಯಿಂದಲೂ ಜನ ವಕೀಲರನ್ನು ಹುಡುಕಿಕೊಂಡು ಬರತೊಡಗಿದ್ದಾರೆ. ಪುಣ್ಯದ ಕೆಲಸವೇ, ಆದರೆ ಫೀಸು ಕೇಳುವಾಗ ನಿಮಗೇ ಸಂಕೋಚವಾಗುತ್ತದೆ.

ಹೋಮ್ ಲೋನ್, ಮಾರ್ಟ್‌ಗೇಜ್ ಲೋನ್ ಅಂತ ಕಂಡರೆ ಮಾತ್ರ ನಿಂತು ಓದಿ. ಅಲ್ಲಿ ಒಬ್ಬ ಸೇಲ್ಸ್ ಹುಡುಗ ಸೇರಿದರೆ ಒಂದೆರಡು ತಿಂಗಳಲ್ಲಿ ಫೈಲುಗಳು ಹುಟ್ಟುತ್ತವೆ, ಪ್ರತಿ ಫೈಲಿಗೂ ಒಂದು ಒಪೀನಿಯನ್ ಬೇಕೇ ಬೇಕು. ಬಡ್ಡಿ ದರ ಕೂಡ ನೋಡುತ್ತಿರಿ. 2023ರ ಫೆಬ್ರವರಿಯಿಂದ ಎರಡು ವರ್ಷ ರೆಪೋ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಶೇ 6.5ರಲ್ಲೇ ನಿಂತಿತ್ತು. 2025ರ ಫೆಬ್ರವರಿಯಲ್ಲಿ ಇಳಿಯತೊಡಗಿ ಜೂನ್ ಹೊತ್ತಿಗೆ 5.5ಕ್ಕೆ ಬಂತು. ದರ ಇಳಿದಾಗ ಹೊಸ ಸಾಲದ ಜೊತೆಗೆ ಟೇಕ್‌ಓವರ್ ಫೈಲುಗಳೂ ಬರುತ್ತವೆ. ಹಳೇ ಬ್ಯಾಂಕಿನಿಂದ ಹೊಸ ಬ್ಯಾಂಕಿಗೆ ಸಾಲ ಬದಲಾಯಿಸುವವರು ಇವರು. ಅದೇ ಮನೆ, ಅದೇ ಪತ್ರ, ಆದರೂ ಹೊಸ ಬ್ಯಾಂಕಿಗೆ ಹೊಸ ಒಪೀನಿಯನ್. ಜನವರಿಯಿಂದ ಮಾರ್ಚ್‌ವರೆಗೆ ಬ್ಯಾಂಕ್‌ನವರಿಗೆ ಟಾರ್ಗೆಟ್ ತಲೆಬಿಸಿ. ಆಗ ಬಂದ ಕೆಲಸ ನೋಡಿ ವರ್ಷವಿಡೀ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ.

ಒಪೀನಿಯನ್ ಬರೆಯುವ ಕೆಲಸ ಕಲಿಯುವುದಕ್ಕೆ ಸಮಯ ಕೊಡಿ, ಉಳಿದದ್ದೆಲ್ಲ ಆಮೇಲೆ. ಮೂಲಪತ್ರದಿಂದ ಹಿಡಿದು ಈಗಿನ ಕ್ರಯಪತ್ರದವರೆಗೆ ಕೊಂಡಿ ಎಲ್ಲೂ ಕಳಚಿರಬಾರದು. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ (ಋಣಭಾರ ಪತ್ರ) ತೆಗೆಯಿರಿ. ಮೂವತ್ತು ವರ್ಷದ್ದು ಕೇಳುವ ಬ್ಯಾಂಕುಗಳೇ ಜಾಸ್ತಿ. ಸೈಟ್ ಆದರೆ ಅಲಿನೇಷನ್ (ಭೂ ಪರಿವರ್ತನೆ) ಆದೇಶ, ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ನಕ್ಷೆ, ಪಾಲಿಕೆ ಖಾತೆ ನೋಡಿ. ಹಳ್ಳಿ ಮನೆಯಾದರೆ ಪಂಚಾಯ್ತಿಯ ಇ-ಸ್ವತ್ತು ದಾಖಲೆ. ಹೊಸಬರು ಎಡವುವುದು ವಂಶವೃಕ್ಷದಲ್ಲಿ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಒಬ್ಬ ಮಾರಿರುತ್ತಾನೆ, ಅಕ್ಕತಂಗಿಯರ ಸಹಿ ಎಲ್ಲೂ ಇರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಮಗಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿದೆ. ಆ ಹೊತ್ತಿಗೆ ಅಪ್ಪ ಬದುಕಿರಲೇಬೇಕಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತ ಮಾಡಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾದ ಪಾಲುಪಟ್ಟಿಗೆ ಇದು ತಾಗುವುದಿಲ್ಲ. ಹಾಗಾಗಿ ಪಾಲುಪಟ್ಟಿ ಕೈಗೆ ಬಂದ ಕೂಡಲೇ ಮೊದಲು ತಾರೀಖು ನೋಡಿ, ಆಮೇಲೆ ಉಳಿದದ್ದು ಓದಿ. ‘ಎಲ್ಲಾ ಸರಿ ಇದೆ ಅಂತ ಬರೀರಿ ಮೇಡಂ, ಪಾರ್ಟಿ ಒಳ್ಳೆಯವರು’ ಅನ್ನುವ ಸೇಲ್ಸ್ ಹುಡುಗರು ಸಿಗುತ್ತಾರೆ. ಪಾರ್ಟಿ ಒಳ್ಳೆಯವರೇ ಇರಬಹುದು. ಒಪೀನಿಯನ್‌ಗೆ ಸಹಿ ಹಾಕುವವರು ನಾವು.

ಇನ್ನು ಕಲೆಕ್ಷನ್ ಹುದ್ದೆಗಳು. ಸೇಲ್ಸ್‌ಗೆ ಕಡಿಮೆ, ವಸೂಲಿಗೆ ಜಾಸ್ತಿ ಜನ ತಗೊಳ್ಳುತ್ತಿದ್ದರೆ ಸಾಲ ಕೆಟ್ಟಿದೆ ಅಂತ ತಿಳಿಯಿರಿ. ಅದು ಫೈನಾನ್ಸ್‌ನವರಿಗೆ ಒಳ್ಳೆಯ ಕಾಲವಲ್ಲ. ಕೋರ್ಟ್ ಕೆಲಸಕ್ಕೆ ಮಾತ್ರ ಒಳ್ಳೆಯ ಕಾಲ! ಆದರೆ ಅದು ತಡವಾಗಿ ಬರುತ್ತದೆ. ಕಂತು ನಿಂತು 90 ದಿನವಾದ ಮೇಲೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಆಮೇಲೆ ಸರ್ಫೇಸಿ ಕಾಯ್ದೆಯ (ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ತಾನೇ ವಶಕ್ಕೆ ಪಡೆಯಲು ಇರುವ ಕಾಯ್ದೆ) 13(2) ನೋಟಿಸ್, ಅದಕ್ಕೆ 60 ದಿನ. ಅಲ್ಲಿಗೇ ಐದು ತಿಂಗಳು. ಆಮೇಲೆ ಸ್ವಾಧೀನಕ್ಕೆ 14ನೇ ಕಲಮಿನ ಅರ್ಜಿ. ಸಾಲ ಕೊಟ್ಟ ಮೊದಲ ವರ್ಷವೇ ಕಂತು ನಿಲ್ಲುವುದು ಕಡಿಮೆ. ಹಾಗಾಗಿ ಇವತ್ತಿನ ಸೇಲ್ಸ್ ಭರಾಟೆಯಿಂದ ವಸೂಲಿ ಕೆಲಸ ಹುಟ್ಟುವುದಕ್ಕೆ ಎರಡು ವರ್ಷವಾದರೂ ಬೇಕು ಅಂತ ಹಿಡಿದುಕೊಳ್ಳಿ. 14ನೇ ಕಲಮಿನಲ್ಲಿ ಸ್ವಾಧೀನ ತೆಗೆದುಕೊಳ್ಳಲು ವಕೀಲರನ್ನೂ ಕಮಿಷನರ್ ಆಗಿ ನೇಮಿಸಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಸ ವಕೀಲರು ಇದನ್ನು ಗಮನದಲ್ಲಿಡಿ.

ಒಂದು ಎಚ್ಚರಿಕೆ. ನಮ್ಮ ಸುತ್ತಲಿನ ಅಡಿಕೆ ತೋಟ, ಭತ್ತದ ಗದ್ದೆ ಅಡವಿಟ್ಟ ಸಾಲಕ್ಕೆ ಸರ್ಫೇಸಿ ನಡೆಯುವುದಿಲ್ಲ. ಕೃಷಿ ಜಮೀನಿಗೆ ಆ ಕಾಯ್ದೆಯಲ್ಲೇ ವಿನಾಯ್ತಿ ಇದೆ. ಇನ್ನು 20 ಲಕ್ಷ ದಾಟಿದ ಬ್ಯಾಂಕ್ ಬಾಕಿ ಡಿಆರ್‌ಟಿಗೆ (ಸಾಲ ವಸೂಲಾತಿ ನ್ಯಾಯಮಂಡಳಿ), ಅಂದರೆ ಬೆಂಗಳೂರಿಗೆ ಹೋಗುತ್ತದೆ.

ಚೆಕ್ ಬೌನ್ಸ್‌ನಲ್ಲೂ ಇಂಥದ್ದೇ ಒಂದು ತೊಡಕು. ಬ್ಯಾಂಕಿನಿಂದ ಮೆಮೊ ಬಂದ 30 ದಿನದೊಳಗೆ ನೋಟಿಸ್, ಕಟ್ಟಲು 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ದೂರು. ಇದು ಎಲ್ಲರಿಗೂ ಗೊತ್ತು. ಆದರೆ 2015ರ ತಿದ್ದುಪಡಿಯ ನಂತರ, ಚೆಕ್ಕನ್ನು ಖಾತೆಗೆ ಹಾಕಿದ್ದರೆ, ದೂರು ಕೊಡಬೇಕಾದದ್ದು ಹಣ ಪಡೆಯುವವರ ಖಾತೆ ಇರುವ ಶಾಖೆಯ ಊರಿನಲ್ಲಿ. ಕಂಪನಿಯ ಖಾತೆ ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಇದ್ದರೆ, ಸಾಲಗಾರ ಜಗಳೂರಿನವನಾದರೂ ಕೇಸು ಅಲ್ಲಿಗೆ ಹೋಗುತ್ತದೆ. ಆದ್ದರಿಂದ ಹೊಸ ಫೈನಾನ್ಸ್ ಶಾಖೆ ತೆರೆದರೆ ಮ್ಯಾನೇಜರ್ ಹತ್ತಿರ ಎರಡು ವಿಷಯ ಕೇಳಿ. ವಸೂಲಿ ಖಾತೆ ಯಾವ ಊರಲ್ಲಿದೆ? ಕರಾರಿನಲ್ಲಿ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರ ತೀರ್ಮಾನ) ಎಲ್ಲಿ ಅಂತ ಬರೆದಿದೆ? ಎರಡಕ್ಕೂ ಬೇರೆ ಊರಿನ ಹೆಸರು ಬಂದರೆ ಟೀ ಕುಡಿದು ವಾಪಸ್ ಬನ್ನಿ. ಇಲ್ಲಿನ ಸ್ಥಳೀಯ ಸಹಕಾರಿ ಸಂಘಗಳಿಂದ ನಮಗೆ ಹೆಚ್ಚು ಕೆಲಸ ಸಿಗುವುದು ಇದೇ ಕಾರಣಕ್ಕೆ. ಅವರ ಖಾತೆ ಇಲ್ಲೇ ಇರುತ್ತದೆ.

ಅಮೆರಿಕದ ಸುದ್ದಿ ಓದಿ ಲೆಕ್ಕ ಹಾಕುವವರೂ ಇದ್ದಾರೆ. 2008ರ ಸೆಪ್ಟೆಂಬರ್‌ನಲ್ಲಿ ಲೆಹ್‌ಮನ್ ಬ್ರದರ್ಸ್ ಮುಳುಗಿತು. ಅಲ್ಲಿನ ದೊಡ್ಡ ಲಾ ಫರ್ಮ್‌ಗಳು 2009ರಲ್ಲಿ ಕಂಪನಿ ಖರೀದಿ, ವಿಲೀನ ನೋಡುವ ವಕೀಲರನ್ನು ಮನೆಗೆ ಕಳಿಸಿದವು. ಅದೇ ಹೊತ್ತಿನಲ್ಲಿ ದಿವಾಳಿ ಕೇಸಿನವರಿಗೆ ಬಿಡುವೇ ಇರಲಿಲ್ಲ. 2021ರಲ್ಲಿ ಡೀಲುಗಳು ಉಕ್ಕಿದವು, 2022ರಲ್ಲಿ ಅಲ್ಲಿನ ದೊಡ್ಡ ಫರ್ಮ್‌ಗಳಲ್ಲಿ ಹೊಸಬರ ಸಂಬಳ ವರ್ಷಕ್ಕೆ 2,15,000 ಡಾಲರ್ ಮುಟ್ಟಿತು. ಅದೇ ವರ್ಷ ಬಡ್ಡಿ ಏರಿತು, ವರ್ಷದ ಕೊನೆಗೆ ಕೆಲವೆಡೆ ಮತ್ತೆ ಕಡಿತ. ಅಲ್ಲಿ ಬ್ಯಾಂಕುಗಳ ವ್ಯವಹಾರ, ಡೀಲು ನೋಡುವ ವಕೀಲರ ನೌಕರಿ ಎರಡೂ ಒಟ್ಟಿಗೇ ಏರಿ ಇಳಿಯುತ್ತವೆ, ಏಕೆಂದರೆ ಆ ವಕೀಲರ ಕಕ್ಷಿದಾರರೇ ಬ್ಯಾಂಕುಗಳು. ಮುಂಬೈ, ಬೆಂಗಳೂರಿನ ದೊಡ್ಡ ಫರ್ಮ್‌ಗೆ ಹೋಗುವ ಆಸೆ ಇದ್ದರೆ ಈ ಸುದ್ದಿ ನಿಮಗೆ ಬೇಕು. ದಾವಣಗೆರೆ ಕೋರ್ಟಿನಲ್ಲಿ ಪಾಲು ದಾವೆ, ಜೀವನಾಂಶ, ಅಪಘಾತ ಪರಿಹಾರದ ಕೇಸು ನಡೆಸುವವರಿಗೆ ಅದರಿಂದ ಏನೂ ಆಗಬೇಕಿಲ್ಲ.

ಇಲ್ಲಿ ಕೆಲಸ ಬಂದರೂ ನೌಕರಿಯಾಗಿ ಬರುವುದಿಲ್ಲ, ಫೈಲಾಗಿ ಬರುತ್ತದೆ. ಸಂಬಳ ಇಲ್ಲ, ಪಿಎಫ್ ಇಲ್ಲ, ಬಿಲ್ಲು ಪಾಸಾಗಲು ತಿಂಗಳುಗಟ್ಟಲೆ ಕಾಯುವುದೂ ಉಂಟು. ಹೊಸಬರಿಗೆ ನೇರವಾಗಿ ಪ್ಯಾನೆಲ್ ಸಿಗುವುದು ಅಪರೂಪ. ಪ್ಯಾನೆಲ್‌ನಲ್ಲಿರುವ ಸೀನಿಯರ್ ಒಬ್ಬರನ್ನು ಹಿಡಿಯಿರಿ. ‘ಸರ್, ಸರ್ಚ್ ನಾನು ಮಾಡಿಕೊಡ್ತೀನಿ, ಡ್ರಾಫ್ಟ್ ನೀವು ತಿದ್ದಿ’ ಅನ್ನಿ. ಫೈಲಿಗೆ ಇಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ, ನಾಚಿಕೆ ಬೇಡ.

ತಿಂಗಳ ಸಂಬಳವೇ ಬೇಕು ಅನ್ನುವವರು ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಸ್ಪೆಷಲಿಸ್ಟ್ ಆಫೀಸರ್ ಪ್ರಕಟಣೆ ಬಂದಾಗ ಲಾ ಆಫೀಸರ್ ಹುದ್ದೆ ಎಷ್ಟಿದೆ ನೋಡಿ. ಬ್ಯಾಂಕಿಗೆ ವಕೀಲರು ಬೇಕೋ ಬೇಡವೋ ಅನ್ನುವುದಕ್ಕೆ ಅದು ನೇರ ಉತ್ತರ. ಕಾನೂನು ಪದವಿಯ ಜೊತೆ ಬಾರ್ ಕೌನ್ಸಿಲ್ ನೋಂದಣಿಯೂ ಆಗಿರಬೇಕು, ಸಾಮಾನ್ಯ ವರ್ಗಕ್ಕೆ ವಯಸ್ಸು 20ರಿಂದ 30. ನೋಂದಣಿ ಇನ್ನೂ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಕಾನೂನು ಹೇಳಿದ 750 ರೂಪಾಯಿಗಿಂತ, ಪರಿಶಿಷ್ಟರಿಗೆ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಕೇಳುವಂತಿಲ್ಲ ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.